ಟಿನ್ ಮಾಂಸ: ಹಡಗಿನ ಗ್ಯಾಲಿಯಲ್ಲಿ (ಅಡುಗೆಮನೆಯಲ್ಲಿ) ನನ್ನ ಅನುಭವ

ನಾನು ಮಂಗಳೂರು ಕಡೆಯವ, ತುಂಬಾ ವರ್ಷ ಸರಕು ಹಡಗುಗಳಲ್ಲಿ ಚೀಫ್ ಕುಕ್ ಆಗಿ ಕೆಲ್ಸ ಮಾಡಿದವ. ಊರಿಗೆ ಬಂದ್ರೆ ಎಲ್ರೂ ಕೇಳೋದು ಬಿರುಗಾಳಿ ಬಗ್ಗೆ, ಕಡಲ್ಗಳ್ಳರ ಬಗ್ಗೆ. ನಂಗೆ ಹೇಳ್ಬೇಕು ಅನ್ಸೋದು ಸ್ಟೋರ್ ರೂಮಲ್ಲಿ ಸಾಲಾಗಿ ಇಡ್ತಿದ್ದ ಟಿನ್ ಮಾಂಸದ ಬಗ್ಗೆ. ಒಂದೇ ಟಿನ್ನು ಒಬ್ಬನಿಗೆ ಹಬ್ಬದೂಟ, ಅದೇ ಮೇಜಿನ ಇನ್ನೊಬ್ಬನಿಗೆ ಮುಖ ಸಿಂಡರಿಸೋ ವಸ್ತು, ಇದನ್ನ ನಾನು ಮೆಸ್ ರೂಮಲ್ಲಿ ಕಣ್ಣಾರೆ ನೋಡಿದ್ದೇನೆ, ಮತ್ತೆ ಇಬ್ಬರಿಗೂ ಅಡುಗೆ ಮಾಡಬೇಕಾದವ ನಾನೇ.

ಹಡಗಲ್ಲಿ ಫ್ರೀಜರ್ ಉಂಟು, ತಾಜಾ ಮಾಂಸ ಇರ್ತದೆ, ಆದ್ರೂ ಬಂದರಿನ ಹೊರಗೆ ಆಂಕರ್ ಹಾಕಿ ವಾರಗಟ್ಲೆ ಕಾಯುವಾಗ, ಸಮುದ್ರ ಕೆಟ್ಟು ಒಲೆ ಮೇಲೆ ದೊಡ್ಡ ಪಾತ್ರೆ ನಿಲ್ಲಿಸೋಕ್ಕೇ ಆಗದಿರುವಾಗ, ರಾತ್ರಿ ವಾಚ್ (ಕಾವಲಿನ ಪಾಳಿ) ಮುಗಿಸಿ ಬಂದವನಿಗೆ ಹಸಿವಾದಾಗ ಟಿನ್ನೇ ಗತಿ. 2006ರ ಕಡಲ ಕಾರ್ಮಿಕರ ಅಂತಾರಾಷ್ಟ್ರೀಯ ಒಪ್ಪಂದ 2013ರಲ್ಲಿ ಜಾರಿಗೆ ಬಂತಲ್ಲ, ಅದ್ರಲ್ಲಿ ಊಟ ಉಚಿತ ಆಗಿರ್ಬೇಕು, ಅವರವರ ಧರ್ಮ ಮತ್ತು ಊಟದ ಪದ್ಧತಿ ನೋಡ್ಬೇಕು ಅಂತ ಸ್ಪಷ್ಟವಾಗೇ ಉಂಟು. ಗ್ಯಾಲಿಯಲ್ಲಿ ಇದರ ಅರ್ಥ ಏನಂದ್ರೆ ಹಂದಿಗೆ ಬೇರೆ ಬಾಣಲೆ ಬೇರೆ ಚಾಕು, ದನಕ್ಕೆ ಬೇರೆ, ಇಂಡೋನೇಷ್ಯಾದ ಹುಡುಗನಿಗೆ ಹಲಾಲ್ ಗುರುತಿರೋ ಟಿನ್ನು, ನಮ್ಮ ದೇಶದ ಎಷ್ಟೋ ಹುಡುಗ್ರಿಗೆ ಹಂದಿ, ದನ ಎರಡೂ ಬೇಡ. ಇದ್ರಲ್ಲಿ ನಾನು ಯಾವತ್ತೂ ಸಡಿಲ ಬಿಡ್ಲಿಲ್ಲ, ಕಡಲ ನಡುವೆ ಒಬ್ಬನಿಗೆ ನನ್ನ ಕೈ ಮೇಲೆ ನಂಬಿಕೆ ಹೋದ್ರೆ ಅವ ಊಟ ಮಾಡೋಕೆ ಬೇರೆ ಎಲ್ಲಿಗೆ ಹೋಗ್ತಾನೆ ಹೇಳಿ.

ಫಿಲಿಪ್ಪೀನ್ಸ್‌ನವರಿಂದ ನಾನು ಮೊದ್ಲು ಕಲಿತದ್ದು. ಅವರ ಬೆಳಗಿನ ತಿಂಡಿ ಅಂದ್ರೆ ನಿನ್ನೆಯ ತಣ್ಣನೆ ಅನ್ನಕ್ಕೆ ಬೆಳ್ಳುಳ್ಳಿ ಕಂದು ಬಣ್ಣಕ್ಕೆ ಹುರಿದು ಹಾಕಿ ಕಲಸಿದ್ದು, ಪಕ್ಕದಲ್ಲಿ ಒಂದು ಮೊಟ್ಟೆ, ಮತ್ತೆ ಸ್ಪ್ಯಾಮ್ (ರುಬ್ಬಿ ಒತ್ತಿದ ಹಂದಿ ಮಾಂಸದ ಟಿನ್ನು) ಅಥವಾ ಕಾರ್ನ್ಡ್ ಬೀಫ್ (ಉಪ್ಪು ಹಾಕಿದ ದನದ ಮಾಂಸದ ಟಿನ್ನು). ಕಾರ್ನ್ಡ್ ಬೀಫನ್ನ ಅವ್ರು ಗಟ್ಟಿ ಇಟ್ಟಿಗೆ ತರ ತಿನ್ನೋದಿಲ್ಲ, ಈರುಳ್ಳಿ ಬೆಳ್ಳುಳ್ಳಿ ಬಾಡಿಸಿ ಸಣ್ಣ ಆಲೂಗಡ್ಡೆ ತುಂಡು ಹಾಕಿ ಸ್ವಲ್ಪ ನೀರು ಬಿಟ್ಟು ಎಳೆ ಎಳೆಯಾಗಿ ಬಿಡಿಸ್ಬೇಕು. ಹಡಗಿನ ಪಂಪುಗಳನ್ನ ನೋಡ್ಕೊಳ್ಳೋ ಪಂಪ್‌ಮ್ಯಾನ್ ಒಬ್ರು ಪ್ಲೇಟ್ ನೋಡಿ ಏನೂ ಮಾತಾಡದೆ ತಿಂದು ಮತ್ತೆ ಅನ್ನಕ್ಕೆ ಬಂದ್ರು, ನಂಗೆ ಅಷ್ಟು ಸಾಕಾಗಿತ್ತು. ಅವರ ಅಜ್ಜಂದಿರ ಕಾಲದಲ್ಲಿ ಅಮೆರಿಕನ್ ಸೇನೆ ಜೊತೆ ಬಂದ ಪದಾರ್ಥ ಇದು, ಈಗ ವಿದೇಶದಲ್ಲಿ ದುಡಿಯೋರು ಊರಿಗೆ ಕಳಿಸೋ ದೊಡ್ಡ ಪೆಟ್ಟಿಗೆಯಲ್ಲಿ ಸಾಬೂನು ಚಾಕಲೇಟಿನ ಜೊತೆ ಈ ಟಿನ್ನೂ ಇರ್ತದೆ.

ಸ್ಪ್ಯಾಮ್ ಶುರುವಾದ್ದು 1937ರಲ್ಲಿ, ಅಮೆರಿಕದ ಮಿನೆಸೋಟ ರಾಜ್ಯದ ಆಸ್ಟಿನ್ ಅನ್ನೋ ಊರಿನ ಹಾರ್ಮೆಲ್ ಕಂಪನಿಯಿಂದ. ಹಂದಿ ಮಾಂಸ, ಉಪ್ಪು, ನೀರು, ಆಲೂಗಡ್ಡೆ ಪಿಷ್ಟ, ಸಕ್ಕರೆ, ಬಣ್ಣ ಗುಲಾಬಿಯಾಗೇ ಉಳಿಯೋಕೆ ಸೋಡಿಯಂ ನೈಟ್ರೈಟ್, ಇಷ್ಟೇ. ಎರಡನೇ ಮಹಾಯುದ್ಧದಲ್ಲಿ ಸೈನಿಕರ ಜೊತೆ ಇದು ಹೋಯ್ತು, ಹವಾಯಿ, ಗುವಾಮ್, ಓಕಿನಾವ, ಫಿಲಿಪ್ಪೀನ್ಸ್, ಆಮೇಲೆ ಕೊರಿಯಾ, ನಕ್ಷೆ ಬಿಡಿಸಿ ನೋಡಿ, ಎಲ್ಲೆಲ್ಲಿ ಸೇನೆ ಬೀಡುಬಿಟ್ಟಿತ್ತೋ ಅಲ್ಲೆಲ್ಲ ಇವತ್ತಿಗೂ ಇದರ ರುಚಿ ಉಳಿದಿದೆ. ಆದ್ರೆ ತಿಂದು ತಿಂದು ಸಾಕಾದ ಸೈನಿಕರೇ ಎಷ್ಟೋ ಜನ ಮನೆಗೆ ಹೋದ್ಮೇಲೆ ಅದನ್ನ ಮುಟ್ಟಲಿಲ್ಲ, ಹಸಿದಿದ್ದ ಊರಿನವರು ಮಾತ್ರ ಅದನ್ನ ತಮ್ಮದು ಮಾಡ್ಕೊಂಡ್ರು.

ಇದು ನಂಗೆ ಸರಿಯಾಗಿ ಅರ್ಥ ಆದದ್ದು ಒಬ್ರು ಕೊರಿಯನ್ ಚೀಫ್ ಇಂಜಿನಿಯರ್ ಜೊತೆ ಕೆಲ್ಸ ಮಾಡ್ವಾಗ. ಅದೇ ಹಡಗಿನ ಕ್ಯಾಪ್ಟನ್ ಬ್ರಿಟಿಷ್, ಇಬ್ಬರದ್ದೂ ಹೆಚ್ಚುಕಮ್ಮಿ ಒಂದೇ ವಯಸ್ಸು. ಕೊರಿಯನ್ ಸಾಹೇಬ್ರು ಚಿಕ್ಕವರಿದ್ದಾಗ ಸ್ಪ್ಯಾಮ್ ಅಂದ್ರೆ ಅಮೆರಿಕನ್ ಬೇಸ್‌ನಿಂದ ಕದ್ದು ಹೊರಗೆ ಬರ್ತಿದ್ದ ಮಾಲು, ಶಾಲೆಯ ಬುತ್ತಿಯಲ್ಲಿ ಮೊಟ್ಟೆಯಲ್ಲಿ ಅದ್ದಿ ಹುರಿದ ಒಂದು ಹೋಳು ಇದ್ರೆ ಅವನು ಶ್ರೀಮಂತರ ಮನೆ ಹುಡುಗ. ಕೊರಿಯಾದಲ್ಲೇ ಅದರ ತಯಾರಿಕೆ ಶುರುವಾದ್ದು 1987ರಲ್ಲಿ, ಈಗ ಅಲ್ಲಿ ಚುಸೊಕ್ ಹಬ್ಬಕ್ಕೆ ಚಂದದ ಪೆಟ್ಟಿಗೆಯಲ್ಲಿ ಸ್ಪ್ಯಾಮ್ ಟಿನ್ನುಗಳನ್ನ ಉಡುಗೊರೆ ಕೊಡ್ತಾರೆ. ಕ್ಯಾಪ್ಟನ್‌ಗೆ ಅದೇ ವಸ್ತು ಅಂದ್ರೆ ಶಾಲೆಯ ಮಧ್ಯಾಹ್ನದ ಊಟ, ಹಿಟ್ಟಲ್ಲಿ ಅದ್ದಿ ಕರಿದ ಎಣ್ಣೆ ಎಣ್ಣೆ ಸ್ಪ್ಯಾಮ್ ಫ್ರಿಟರ್, ಬೇಡ ಅಂದ್ರೂ ತಿನ್ನಲೇಬೇಕಿತ್ತು. ಬ್ರಿಟನ್ನಲ್ಲಿ ಮಾಂಸದ ರೇಷನ್ ಮುಗಿದದ್ದೇ 1954ರಲ್ಲಿ, ಅದರ ನೆರಳು ಶಾಲೆಯ ಅಡುಗೆಮನೆಗಳಲ್ಲಿ ಮತ್ತೂ ತುಂಬಾ ವರ್ಷ ಇತ್ತು. ಕೊರಿಯನ್ ಸಾಹೇಬ್ರಿಗೆ ಅದು ಬೇರೆಯವರ ಬುತ್ತಿಯಲ್ಲಿ ಆಸೆಯಿಂದ ನೋಡಿದ್ದು, ಕ್ಯಾಪ್ಟನ್‌ಗೆ ತಟ್ಟೆಗೆ ಬಲವಂತವಾಗಿ ಬಿದ್ದದ್ದು, ಮೆಸ್ ರೂಮಲ್ಲಿ ಇಬ್ಬರೂ ಮುಖ ಮಾಡಿದ ರೀತಿಗೆ ನನ್ನ ಪ್ರಕಾರ ಇದೇ ಕಾರಣ.

ಹಾಗಾಗಿ ಶನಿವಾರ ರಾತ್ರಿ ಕೊರಿಯನ್ನರಿಗೆ ಬುದೆ ಜಿಗೆ ಅನ್ನೋ ಖಾರದ ಸಾರು ಮಾಡ್ತಿದ್ದೆ. ಅಗಲದ ಪಾತ್ರೆಯಲ್ಲಿ ಸ್ಪ್ಯಾಮ್ ಹೋಳು, ಸಾಸೇಜ್, ಹಳೇ ಕಿಮ್ಚಿ (ಹುಳಿ ಬರಿಸಿದ ಎಲೆಕೋಸು), ಬೇಕ್ಡ್ ಬೀನ್ಸ್, ಕೊರಿಯನ್ ಖಾರದ ಪೇಸ್ಟ್, ನೀರು, ಕುದಿ ಬಂದ್ಮೇಲೆ ಮ್ಯಾಗಿ ತರದ ನೂಡಲ್ಸ್, ಮೇಲೊಂದು ಚೀಸ್ ಸ್ಲೈಸ್. ಸೋಲ್ ಹತ್ತಿರದ ಉಯಿಜಂಗ್ಬು ಅನ್ನೋ, ಅಮೆರಿಕನ್ ಸೇನಾ ನೆಲೆಗಳಿದ್ದ ಊರು ಇದಕ್ಕೆ ಹೆಸರುವಾಸಿ. ಕಿಮ್ಚಿ ಹುಳಿ ಆಗಿರ್ಲೇಬೇಕು, ಹೊಸದು ಹಾಕಿದ್ರೆ ಟಿನ್ನಿನ ಜಿಡ್ಡು ಕಟ್ ಆಗೋದಿಲ್ಲ.

ಕ್ಯಾಪ್ಟನ್‌ಗೆ ಸ್ಪ್ಯಾಮ್ ಬೇಡ, ಆದ್ರೆ ಕಾರ್ನ್ಡ್ ಬೀಫ್ ಅಂದ್ರೆ ಪ್ರಾಣ, ಕೀಲಿ ತಿರುಗಿಸಿ ತೆಗೆಯೋ ಒಂದು ಕಡೆ ಅಗಲ ಒಂದು ಕಡೆ ಕಿರಿದಾದ ಆ ಟಿನ್ನು. ಅದನ್ನ ಹಿಂದಿನ ರಾತ್ರಿಯೇ ಫ್ರಿಜ್ಜಲ್ಲಿ ಇಡ್ಬೇಕು, ಕೊಬ್ಬು ಗಟ್ಟಿಯಾದ್ರೆ ತೆಳ್ಳಗೆ ಹೋಳು ಬರ್ತದೆ, ಇಲ್ಲಾಂದ್ರೆ ಪುಡಿ ಪುಡಿ. ಬ್ರೆಡ್ಡು, ಸಾಸಿವೆ ಪೇಸ್ಟ್, ಸಿಹಿ ಹುಳಿ ಪಿಕಲ್, ಅಷ್ಟೇ. ಬ್ರಿಟಿಷರು ತಲೆಮಾರುಗಟ್ಲೆ ತಿಂದ ಈ ಬೀಫಿನ ಒಂದು ದೊಡ್ಡ ಕಾರ್ಖಾನೆ ಉರುಗ್ವೆಯ ಫ್ರೇ ಬೆಂಟೋಸ್‌ನಲ್ಲಿ ನದಿ ದಡದ ಮೇಲೇ ಇತ್ತು, 2015ರಲ್ಲಿ ಯುನೆಸ್ಕೋ ಅದನ್ನ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದೆ.

ಉಕ್ರೇನ್, ರಷ್ಯಾ ಕಡೆಯ ಇಂಜಿನಿಯರ್‌ಗಳದ್ದು ತುಶೊಂಕಾ. ಇದರ ಬಗ್ಗೆ ನಂಗೆ ಸ್ವಲ್ಪ ಪಕ್ಷಪಾತ ಉಂಟು, ನನ್ನ ಲೆಕ್ಕದಲ್ಲಿ ಟಿನ್ನುಗಳಲ್ಲೆಲ್ಲ ಅತ್ಯಂತ ಪ್ರಾಮಾಣಿಕ ಮಾಂಸ ಇದೇ, ರುಬ್ಬಿ ಒತ್ತಿದ್ದಲ್ಲ, ದೊಡ್ಡ ದನದ ಮಾಂಸದ ತುಂಡುಗಳು, ಕೊಬ್ಬು, ಈರುಳ್ಳಿ, ಕರಿಮೆಣಸು, ಬೇ ಎಲೆ. ಮುಚ್ಚಳ ತೆಗೆದ್ರೆ ಮೇಲೆ ಬಿಳಿ ಕೊಬ್ಬಿನ ಪದರ ಇರ್ತದೆ, ಅದನ್ನ ಎಸೀಬೇಡಿ ಮಾರಾಯ್ರೇ, ಅದ್ರಲ್ಲೇ ಈರುಳ್ಳಿ ಹುರಿದು ಆಮೇಲೆ ಮಾಂಸ ಹಾಕಿ ಬೇಯಿಸಿದ ಮ್ಯಾಕರೋನಿ ಸೇರಿಸ್ಬೇಕು. ಸೇನೆಗೆ ಹೋಗಿ ಬಂದ ಅಪ್ಪ, ಬೇಸಿಗೆಯಲ್ಲಿ ಕಾಡಿಗೆ ಹೋಗಿ ಬೆಂಕಿ ಹಾಕಿ ಅದೇ ಟಿನ್ನು ಬಿಸಿ ಮಾಡಿದ್ದು, ಇದೆಲ್ಲ ಅವರು ತಿನ್ನುತ್ತಾ ಹೇಳೋರು.

ನಮ್ಮ ಕಡೆಯ ಹುಡುಗ್ರು ಹಂದಿ ತಿನ್ನೋರೂ ಸಹ ಸ್ಪ್ಯಾಮ್ ನೋಡಿ ಬೇಡ ಅನ್ನೋರು. ಎಲುಬಿಲ್ಲ, ಜಗಿಯೋಕೆ ಏನಿಲ್ಲ, ಒಳಗೆ ಮಸಾಲೆ ಇಲ್ಲ, ಗುಲಾಬಿ ಬಣ್ಣ ಬೇರೆ. ಅವ್ರಿಗೆ ನಾನು ಹೇಳ್ತಿದ್ದದ್ದು, ಕುಚ್ಚಿಲಕ್ಕಿ ಗಂಜಿ ಜೊತೆ ಸುಟ್ಟ ಒಣ ಮೀನು ಇಟ್ಕೊಂಡು ತಿಂತೇವಲ್ಲ, ಆ ಫಿಲಿಪ್ಪೀನೋ ಹುಡುಗನಿಗೆ ಅನ್ನದ ಜೊತೆ ಇದು ಹಾಗೇ, ಸಪ್ಪೆ ಅನ್ನ ಒಳಗೆ ಇಳಿಯೋಕೆ ಒಂಚೂರು ಉಪ್ಪು, ಒಂಚೂರು ಜಿಡ್ಡು. ನಮ್ಮ ಒಣ ಮೀನಿನ ವಾಸನೆಗೆ ಅಲ್ಲಿ ಎಷ್ಟು ಜನ ಮೂಗು ಮುಚ್ಕೊಂಡಿದ್ದಾರೆ ಅಂತ ನೋಡಿದವ್ರಿಗೆ ಈ ಮಾತು ಬೇಗ ತಲೆಗೆ ಹೋಗ್ತಿತ್ತು.

ನನ್ನ ಮಟ್ಟಿಗೆ ಇದು ಹೊಸ ರುಚಿ ಅಲ್ಲ. ಅಪ್ಪನ ತಮ್ಮ, ನಾವು ಬಾಪ್ಪು ಅಂತೇವೆ, ಕುವೈತಲ್ಲಿದ್ರು. ಅಲ್ಲಿ ಹಂದಿ ಮಾಂಸ ಸಿಗೋದಿಲ್ಲ, ಹಾಗಾಗಿ ಅವ್ರು ರಜೆಗೆ ಬರುವಾಗ ತರ್ತಿದ್ದದ್ದು ಬೀಫ್ ಅಥವಾ ಚಿಕನ್ ಲಂಚನ್ ಮೀಟ್, ಸ್ಪ್ಯಾಮ್ ತರದ್ದೇ ಟಿನ್ ಮಾಂಸ. ಅಮ್ಮ ಅದನ್ನ ನಮ್ಮ ರೀತಿ ಮಾಡೋರು, ಇವತ್ತಿಗೂ ಹಡಗಲ್ಲಿ ನಮ್ಮವ್ರು ಇದ್ರೆ ನಾನೂ ಹಾಗೇ ಮಾಡ್ತೇನೆ. ಟಿನ್ನಿನ ಮಾಂಸ ಟಿನ್ನಲ್ಲೇ ಬೆಂದಿರ್ತದೆ, ಅದಕ್ಕೇ ನಮ್ಮ ಮಂಗಳೂರಿನ ಮಾಂಸದ ಸಾರು ಬಾಫತ್ ತರ ಮಸಾಲೆಯಲ್ಲಿ ಗಂಟೆಗಟ್ಲೆ ಕುದಿಸ್ಬಾರ್ದು, ಸ್ಪಂಜ್ ಆಗ್ತದೆ. ಚೌಕ ತುಂಡು ಮಾಡಿ ಒಣ ಬಾಣಲೆಯಲ್ಲಿ ಎಣ್ಣೆ ಹಾಕದೆ ಇಡಿ, ಅದರ ಕೊಬ್ಬೇ ಸಾಕು, ಆಗಾಗ ಕೈ ಹಾಕ್ಬೇಡಿ, ಅಂಚು ಕಂದು ಆಗಿ ಗರಿಗರಿ ಆಗ್ಲಿ. ತುಂಡುಗಳನ್ನ ತೆಗೆದಿಟ್ಟು ಅದೇ ಕೊಬ್ಬಲ್ಲಿ ಈರುಳ್ಳಿ, ಹಸಿಮೆಣಸು, ಶುಂಠಿ, ಕರಿಬೇವು ಹುರಿದು, ಜಜ್ಜಿದ ಕರಿಮೆಣಸು ಜಾಸ್ತಿ, ಒಂದು ಚಮಚ ವಿನೆಗರ್, ಮತ್ತೆ ಮಾಂಸ ಹಾಕಿ ಎರಡು ಸಲ ತಿರುಗಿಸಿ ಇಳಿಸಿ. ಉಪ್ಪು ಹಾಕ್ಲೇಬೇಡಿ. ಸ್ಪ್ಯಾಮಲ್ಲಿ 56 ಗ್ರಾಂಗೆ ಸುಮಾರು 790 ಮಿಲಿಗ್ರಾಂ ಸೋಡಿಯಂ (ಉಪ್ಪಿನ ಅಂಶ) ಉಂಟು, 340 ಗ್ರಾಂ ಟಿನ್ನು ಪೂರ್ತಿ ಒಬ್ಬನೇ ತಿನ್ನೋ ಪದಾರ್ಥ ಅಲ್ಲ, ಬಿಪಿ ಇರೋರಿಗೆ ನಾನು ಎರಡು ತುಂಡಿಗಿಂತ ಜಾಸ್ತಿ ಬಡಿಸೋದಿಲ್ಲ. ಉಳಿದದ್ದನ್ನ ಸ್ಟೀಲ್ ಡಬ್ಬಿಗೆ ಹಾಕಿ ಫ್ರಿಜ್ಜಲ್ಲಿಡಿ. ಉಬ್ಬಿದ ಟಿನ್ನು ಕಂಡ್ರೆ ತೆಗೆದು ವಾಸನೆ ನೋಡೋದು ಬೇಡ, ಹಾಗೇ ಬಿಸಾಕಿ.