ಬಿಸಿಲಿಗೆ ಬಾಗುವ ಗೋಪುರವನ್ನು ನೆಟ್ಟಗೆ ಏರಿಸಿದ್ದು

ಕಂಬ 200 ಮೀಟರ್ ಮುಟ್ಟಿದ ದಿನ, ಮಧ್ಯಾಹ್ನ ಮೂರು ಗಂಟೆಗೆ ಲೇಸರ್ 70 ಮಿ.ಮೀ. ವಾಲಿಕೆ ತೋರಿಸಿತು. ಕೂಡಲೇ ಸರಿಪಡಿಸಬೇಕೆಂದು ಪಾಳಿಯ ಮೇಲ್ವಿಚಾರಕರು ಪಟ್ಟು ಹಿಡಿದರು. ನಾನು ಒಪ್ಪಲಿಲ್ಲ.

ಅದು ವೀಕ್ಷಣಾ ಗೋಪುರದ ಟೊಳ್ಳು ಕಾಂಕ್ರೀಟ್ ಕಂಬ, ವ್ಯಾಸ 10 ಮೀಟರ್. ಸ್ಲಿಪ್‌ಫಾರ್ಮ್‌ನಲ್ಲಿ, ಅಂದರೆ ಕಾಂಕ್ರೀಟ್ ಸುರಿಯುತ್ತಿದ್ದಂತೆ ಮೇಲೇರುವ ಅಚ್ಚಿನಲ್ಲಿ, ಏರಿಸುತ್ತಿದ್ದೆವು. ಸುಮಾರು 1.2 ಮೀಟರ್ ಎತ್ತರದ ಉಕ್ಕಿನ ಅಚ್ಚನ್ನೂ ಅದಕ್ಕೆ ಜೋಡಿಸಿದ ಅಟ್ಟಣೆಯನ್ನೂ ಹೈಡ್ರಾಲಿಕ್ ಜಾಕ್‌ಗಳು ಗಂಟೆಗೆ ಒಂದು ಗೇಣಿನಷ್ಟು ಮೇಲೆತ್ತುತ್ತವೆ. ಹಗಲುರಾತ್ರಿ ಕೆಲಸ ನಡೆಯಲೇಬೇಕು. ನಿಂತರೆ ಕಾಂಕ್ರೀಟ್ ಅಚ್ಚಿಗೆ ಕಚ್ಚಿಕೊಳ್ಳುತ್ತದೆ. ನೆಟ್ಟಗೆ ಏರುತ್ತಿದೆಯೇ ಎಂದು ನೋಡುವುದು ನನ್ನ ಹೊಣೆ.

ಬಿಸಿಲು ಬಿದ್ದ ಬದಿ ಹಿಗ್ಗುತ್ತದೆ, ನೆರಳಿನ ಬದಿ ಹಾಗೆಯೇ ಇರುತ್ತದೆ. ಕಂಬ ನೆರಳಿನ ಕಡೆಗೆ ಬಾಗುತ್ತದೆ. ಎರಡು ಬದಿಗಳ ನಡುವೆ 5 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸವಿದ್ದರೆ ಆ ಎತ್ತರದಲ್ಲಿ ತುದಿ ಸುಮಾರು 10 ಸೆಂ.ಮೀ. ಸರಿಯುತ್ತದೆ. ಆ ಬಾಗನ್ನು ತಪ್ಪೆಂದು ತಿಳಿದು ಅಚ್ಚನ್ನು ಎದುರು ದಿಕ್ಕಿಗೆ ಓರೆ ಮಾಡಿದರೆ, ರಾತ್ರಿ ಕಂಬ ತಣಿದು ನೆಟ್ಟಗಾದಾಗ ನಮ್ಮ ತಿದ್ದುಪಡಿಯೇ ಸೊಟ್ಟವಾಗಿ ಉಳಿದುಬಿಡುತ್ತದೆ.

ನಸುಕಿನಲ್ಲಿ ಮತ್ತೆ ಅಳೆದೆ: 14 ಮಿ.ಮೀ. ಅಂದಿನಿಂದ ಸೂರ್ಯೋದಯಕ್ಕೆ ಮುಂಚಿನ ಅಳತೆಯನ್ನಷ್ಟೇ ನಂಬಿ ತಿದ್ದಿದೆವು, ಅದೂ ಅಟ್ಟಣೆಯನ್ನು ಕೂದಲೆಳೆಯಷ್ಟು ಓರೆ ಮಾಡಿ, ಹಲವು ಮೀಟರ್ ಏರುವಷ್ಟರಲ್ಲಿ ನಿಧಾನವಾಗಿ.

ಲೇಸರ್ ಜೊತೆಗೆ ತೂಗುಗುಂಡೂ ಬೇಕೆಂದು ಹಟ ಹಿಡಿದವನು ನಾನೇ. 1976ರಲ್ಲಿ ತೆರೆದ ಟೊರಾಂಟೊದ 553 ಮೀಟರ್ ಎತ್ತರದ ಸಿಎನ್ ಟವರ್‌ನ ಕಂಬವನ್ನೂ ಸ್ಲಿಪ್‌ಫಾರ್ಮ್‌ನಲ್ಲೇ, ಭಾರಿ ತೂಗುಗುಂಡುಗಳನ್ನು ಇಳಿಬಿಟ್ಟು ನೆಟ್ಟಗೆ ಏರಿಸಿದ್ದರು. 200 ಮೀಟರ್ ತಂತಿಯ ಗುಂಡು ಒಮ್ಮೆ ಹೋಗಿಬರಲು 28 ಸೆಕೆಂಡು ತೆಗೆದುಕೊಳ್ಳುತ್ತದೆ. ಅದನ್ನು ಎಣ್ಣೆಯ ಡ್ರಮ್ಮಿನಲ್ಲಿ ಮುಳುಗಿಸಿ, ತೂಗಾಟ ನಿಲ್ಲುವವರೆಗೆ ಉಸಿರು ಬಿಗಿಹಿಡಿದು ಕಾಯುತ್ತಿದ್ದ ಆ ನಸುಕುಗಳು ನನಗೆ ಬಹಳ ಪ್ರಿಯ.

ವಾಲಿಕೆಯ ಮೇಲೆಯೇ ಕಣ್ಣಿಟ್ಟು ತಿರುಚಿಕೆಯನ್ನು ತಡವಾಗಿ ಗಮನಿಸಿದೆ. ಜಾಕ್‌ಗಳೆಲ್ಲ ಒಂದೇ ದಿಕ್ಕಿಗೆ ತುಸು ಓರೆಯಾದರೆ ಅಚ್ಚು ಏರುತ್ತಲೇ ಸುತ್ತಿಕೊಳ್ಳುತ್ತದೆ. ಕೇಂದ್ರಬಿಂದು ಮಾತ್ರ ಅಲ್ಲಾಡುವುದಿಲ್ಲ, ಹಾಗಾಗಿ ವಾಲಿಕೆಯ ಅಳತೆಯಲ್ಲಿ ಅದು ಕಾಣುವುದಿಲ್ಲ. ವೀಕ್ಷಣಾ ಅಂಕಣದ ತೊಲೆಗಳನ್ನು ಬಿಗಿಯಲು ಗೋಡೆಯಲ್ಲಿ ಹೂಳಿದ್ದ ಉಕ್ಕಿನ ಫಲಕಗಳು 40 ಮಿ.ಮೀ. ಪಕ್ಕಕ್ಕೆ ಸರಿದಿದ್ದವು. ತೊಲೆಗಳ ತುದಿಯ ಪ್ಲೇಟುಗಳನ್ನು ಹೊಸದಾಗಿ ಮಾಡಿಸಬೇಕಾಯಿತು. ಆಮೇಲೆ ಅಂಚಿನಲ್ಲಿ ಎದುರುಬದುರಾಗಿ ಇನ್ನೆರಡು ಗುಂಡುಗಳನ್ನು ಇಳಿಬಿಟ್ಟೆ.