ಸ್ವೀಡನ್‌ಗೆ ಹೊಸದಾಗಿ ಬಂದಿದೀರಾ? ಪೇಪರ್ ಕೆಲಸ ಮುಗಿದ್ಮೇಲೆ ಇದನ್ನೊಮ್ಮೆ ಓದಿ

ಪರ್ಸನ್‌ನಂಬರ್ (ಇಲ್ಲಿನ ಗುರುತಿನ ಸಂಖ್ಯೆ) ಬಂತು, ಬ್ಯಾಂಕ್ ಅಕೌಂಟ್ ಆಯ್ತು, ಮನೇಗೆ ಇಂಟರ್ನೆಟ್ಟೂ ಬಂತು, ಇನ್ನೇನು ಸೆಟಲ್ ಆದ್ವಿ ಅಂತ ಎಲ್ರಿಗೂ ಅನ್ಸತ್ತೆ. ಇಲ್ಲಿನ ಜನ ಯಾವುದನ್ನ ಸರಿ ಅಂತಾರೆ, ಯಾವುದಕ್ಕೆ ಮುಖ ಸಿಂಡರಿಸ್ತಾರೆ ಅನ್ನೋದು ಗೊತ್ತಾಗೋಕೆ ಇನ್ನೂ ಒಂದೆರಡು ವರ್ಷ ಹಿಡಿಯತ್ತೆ, ಅಷ್ಟರೊಳಗೆ ಎಡವೋದು ಬೇಡ ಅಂತ ಸಂಘದ ಕಡೆಯಿಂದ ನಾಕು ಮಾತು.

ಮೊದ್ಲು ಹೆಸರು. ಇಲ್ಲಿ ಸರ್ರೂ ಇಲ್ಲ ಮೇಡಮ್ಮೂ ಇಲ್ಲ, ಮ್ಯಾನೇಜರ್ರು, ಡಾಕ್ಟ್ರು, ಮಕ್ಕಳ ಟೀಚರ್ರು ಎಲ್ರನ್ನೂ ಹೆಸರು ಹಿಡಿದೇ ಕರೆಯೋದು, ಮಾತಾಡೋವಾಗ "ದೂ" ಅನ್ನೋದು, ಅಂದ್ರೆ ನಮ್ಮ "ನೀನು". ಇದೇನು ಹಳೇ ಕಾಲದಿಂದ ಬಂದಿದ್ದಲ್ಲ, 1960ರ ದಶಕದ ಕೊನೇವರೆಗೂ ಇಲ್ಲೂ ಹುದ್ದೆ ಹಿಡಿದೇ ಮಾತಾಡಿಸ್ತಿದ್ರು. ನಾನಂತೂ ಮೊದಲ ಆರು ತಿಂಗಳು ಬಾಸ್ ಹೆಸರು ಬಾಯಿಗೇ ಬರದೆ ಬರೀ "ಹೇ" ಅಂತ ಹಲ್ಲು ಕಿರ್ಕೊಂಡು ದಿನ ತಳ್ಳಿದೀನಿ.

ಮಕ್ಕಳ ವಿಷ್ಯ ಸ್ವಲ್ಪ ಗಟ್ಟಿಯಾಗೇ ಹೇಳ್ಬೇಕು. ಹೊಡೆಯೋ ಹಾಗಿಲ್ಲ. ಒಂದೇಟೂ ಇಲ್ಲ, ಕಿವಿ ಹಿಂಡೋದೂ ಇಲ್ಲ. 1979ರಲ್ಲೇ ಕಾನೂನು ಮಾಡಿ ನಿಲ್ಲಿಸಿದ್ರು, ಇಡೀ ಪ್ರಪಂಚದಲ್ಲೇ ಮೊದಲು. ಮಗು ಪ್ರಿಸ್ಕೂಲಲ್ಲಿ ಬಣ್ಣ ಬಳೀತಾ ಬಳೀತಾ "ಅಪ್ಪ ನಿನ್ನೆ ಹೊಡೆದ" ಅಂತ ಅಂದುಬಿಟ್ರೆ ಟೀಚರ್ ಸುಮ್ನಿರೋಕಾಗಲ್ಲ, ಸೋಷಿಯಲ್ ಆಫೀಸಿಗೆ ತಿಳಿಸಲೇಬೇಕು, ಅದು ಕಾನೂನು ಅವರ ತಲೆ ಮೇಲೆ ಹಾಕಿರೋ ಹೊಣೆ, ನಿಮ್ಮ ಮೇಲಿನ ಸಿಟ್ಟಲ್ಲ. ಕರೆ ಬಂದ್ರೆ ಹೆದರ್ಕೊಂಡು ಮನೇಲಿ ಕೂರ್ಬೇಡಿ, ಹೋಗಿ, ಭಾಷೆ ಕಷ್ಟ ಆದ್ರೆ ಇಂಟರ್ಪ್ರಿಟರ್ ಕೇಳಿ. "ನಾವೂ ಏಟು ತಿಂದೇ ದೊಡ್ಡೋರಾಗಿದ್ದು" ಅನ್ನೋ ಮಾತು ಮಾತ್ರ ಅಲ್ಲಿ ಎತ್ಬೇಡಿ ದಯವಿಟ್ಟು.

ಇಲ್ಲಿ ಹುಟ್ಟೋ ಮಗುಗೆ ಅಪ್ಪ ಅಮ್ಮ ಇಬ್ರಿಗೂ ಸೇರಿ 480 ದಿನದ ರಜೆ ಭತ್ಯೆ. ಅದ್ರಲ್ಲಿ 90 ದಿನ ಅಪ್ಪಂದೇ, ಅಮ್ಮನಿಗೆ ಬಿಟ್ಕೊಡೋಕಾಗಲ್ಲ, ಅಮ್ಮನ 90ಕ್ಕೂ ಇದೇ ರೂಲು. ಅಪ್ಪ ತಗೊಳ್ಳಿಲ್ವಾ, ಹೋಯ್ತು ಅಷ್ಟೇ. ಮಗುಗೆ ಜ್ವರ ಅಂದ್ರೆ "ವಾಬ್", ಅಂದ್ರೆ ಹುಷಾರಿಲ್ಲದ ಮಗುನ ನೋಡ್ಕೊಳ್ಳೋ ರಜೆ, ಹಾಕಿ ಮನೇಲಿರೋದು, ಅದಕ್ಕೆ ಗಂಡಸರು ನಾಚ್ಕೊಳ್ಳೋದೇನೂ ಇಲ್ಲ, ಫೆಬ್ರವರಿಲಿ ಅರ್ಧ ಆಫೀಸೇ ವಾಬಲ್ಲಿರತ್ತೆ ಅಂತ ಆ ತಿಂಗಳಿಗೆ "ವಾಬ್ರುವಾರಿ" ಅಂತಾನೇ ತಮಾಷೆಗೆ ಹೆಸರಿಟ್ಟಿದಾರೆ.

ಇನ್ನೊಂದು, ನಿಮ್ಮ ಆದಾಯ ಎಷ್ಟು ಅಂತ ಯಾರು ಬೇಕಾದ್ರೂ ಟ್ಯಾಕ್ಸ್ ಆಫೀಸಿಗೆ ಫೋನ್ ಮಾಡಿ ಕೇಳ್ಬೋದು. ಸರ್ಕಾರಿ ಕಡತ ಜನರಿಗೆ ತೆರೆದಿರ್ಬೇಕು ಅನ್ನೋ ಕಾನೂನು ಇಲ್ಲಿ ಶುರುವಾಗಿದ್ದು 1766ರಲ್ಲಿ. ಆದ್ರೆ ಎದುರಿಗೆ ಕೂತು "ಸಂಬಳ ಎಷ್ಟು" ಅಂತ ಕೇಳಿದ್ರೆ ಮುಜುಗರ ಪಟ್ಕೋತಾರೆ, ವಿಚಿತ್ರ.

ಕೊನೇದಾಗಿ ವೋಟು. ಸಿಟಿಜನ್‌ಶಿಪ್ ಇಲ್ಲ, ನಮಗ್ಯಾಕೆ ಅಂತ ತುಂಬಾ ಜನ ಸುಮ್ನಾಗಿಬಿಡ್ತಾರೆ. 18 ದಾಟಿದ್ದು, ಇಲ್ಲಿ ರಿಜಿಸ್ಟರ್ ಆಗಿ ಸತತ 3 ವರ್ಷ ಆಗಿದ್ರೆ ಕೊಮ್ಯೂನ್ (ನಮ್ಮ ನಗರಸಭೆ ಥರ) ಮತ್ತೆ ರೀಜನ್ (ನಮ್ಮ ಜಿಲ್ಲಾ ಪಂಚಾಯ್ತಿ ಥರ) ಚುನಾವಣೇಲಿ ನಮಗೂ ವೋಟಿದೆ. ಮಕ್ಕಳ ಸ್ಕೂಲು ಕೊಮ್ಯೂನ್ ಕೈಲಿ, ಆಸ್ಪತ್ರೆ ರೀಜನ್ ಕೈಲಿ, ಇನ್ನೇನ್ ಬೇಕು ಹೇಳಿ. ಅರ್ಜಿ ಹಾಕೋದೇನಿಲ್ಲ, ಕಾರ್ಡು ತಾನಾಗೇ ಪೋಸ್ಟಲ್ಲಿ ಬರತ್ತೆ, ಜಾಹೀರಾತು ಅಂತ ರದ್ದಿಗೆ ಹಾಕ್ಬೇಡಿ. 4 ವರ್ಷಕ್ಕೊಮ್ಮೆ ಸೆಪ್ಟೆಂಬರ್ ಎರಡನೇ ಭಾನುವಾರ, 2026ರಲ್ಲಿ ಅದು 13ನೇ ತಾರೀಕು. ಬಟನ್ ಒತ್ತೋದಿಲ್ಲ, ಚೀಟಿ: ಬಿಳೀದು ಕೊಮ್ಯೂನ್‌ಗೆ, ನೀಲಿ ರೀಜನ್‌ಗೆ. ಹಳದಿ ಪಾರ್ಲಿಮೆಂಟಿಗೆ, ಅದು ಸದ್ಯಕ್ಕೆ ನಮ್ದಲ್ಲ. ಐಡಿ ಕಾರ್ಡ್ ಮರೀಬೇಡಿ.