ಜೀಪಿಗೆ ಪೈಪ್ ಬಾಗಿಲು ಹಾಕಿಸಬೇಕಾ? ಹಾಕಿಸುವುದಾದರೆ ಹೀಗೆ

ಗುಡಿಬಂಡೆಯ ನಮ್ಮ ಅತ್ತೆ ನನ್ನ ಹಳೇ ಜೀಪಿನ ಸುತ್ತ ಒಂದು ಸಲ ಬಂದು ಕೇಳಿದ್ದು ಒಂದೇ ಮಾತು: ‘ಇದೇನಪ್ಪಾ, ಬಾಗಿಲೋ ಕಿಟಕಿ ಸರಳೋ?’ ಆಮೇಲೆ ಬಸ್ಸು ಹತ್ತಿ ಹೋದರು.

ಅತ್ತೆ ಕೇಳಿದ್ದರಲ್ಲಿ ತಪ್ಪೇನಿಲ್ಲ. ಟ್ಯೂಬ್ ಡೋರ್ ಅಂದರೆ ಬಾಗಿಸಿದ ಕಬ್ಬಿಣದ ಪೈಪಿನ ಚೌಕಟ್ಟು, ಅಷ್ಟೇ. ಗಾಜಿಲ್ಲ, ತಗಡಿಲ್ಲ, ಬೀಗವೂ ಇಲ್ಲ. ಟಾಪ್ ತೆಗೆದ ಜೀಪಿನಲ್ಲಿ ಇದು ನೋಡೋಕೆ ಚೆಂದ. ಆದರೆ ಚೆಂದಕ್ಕೆ ಅಂತ ದುಡ್ಡು ಹಾಕುವ ಮೊದಲು ನಿಮ್ಮ ಗಾಡಿ ಯಾವುದು, ಓಡುವುದು ಎಲ್ಲಿ ಅಂತ ನೋಡಿಕೊಳ್ಳಿ.

ಯಾವ ಗಾಡಿಗೆ ಸರಿ?

ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿಗೆ ಬಾಗಿಲೇ ಇರಲಿಲ್ಲ. ಬೀಳದಿರಲಿ ಅಂತ ಅಡ್ಡಕ್ಕೆ ಒಂದು ಪಟ್ಟಿ ಸಿಕ್ಕಿಸುತ್ತಿದ್ದರು. ಅದೇ ತಳಿಯ ಹಳೇ ಮಹೀಂದ್ರ ಜೀಪನ್ನು ದ್ರಾಕ್ಷಿ ತೋಟಕ್ಕೋ ಹೂವಿನ ತೋಟಕ್ಕೋ ಇಟ್ಟುಕೊಂಡವರು ನಮ್ಮಲ್ಲಿ ಇದ್ದಾರಲ್ಲ, ಅವರಿಗೆ ಪೈಪ್ ಬಾಗಿಲಿನಿಂದ ನಿಜವಾಗಿ ಲಾಭ ಉಂಟು. ಏನೂ ಇಲ್ಲದ ಕಡೆ ಏನೋ ಒಂದು ಬರುತ್ತದೆ. ಮೊಣಕಾಲು ಹೊರಗೆ ಚಾಚುವುದಿಲ್ಲ, ಚೀಲ ಉರುಳಿ ಬೀಳುವುದಿಲ್ಲ. ಬಗ್ಗಿ ನೋಡಿದರೆ ಮುಂದಿನ ಚಕ್ರ ಯಾವ ಕಲ್ಲಿನ ಮೇಲೆ ಹತ್ತುತ್ತಿದೆ ಅಂತಲೂ ಕಾಣುತ್ತದೆ.

2020ರಲ್ಲಿ ಬಂದ ಮಹೀಂದ್ರದ ಹೊಸ ಥಾರ್ ಇದ್ದವರಿಗೆ ನಾನು ಬೇಡ ಅಂತಲೇ ಹೇಳುವುದು. ಕಂಪನಿಯ ಉಕ್ಕಿನ ಬಾಗಿಲು ಬಿಚ್ಚಿದರೆ ಅದರ ಜೊತೆ ಕನ್ನಡಿಯೂ ಹೋಗುತ್ತದೆ, ವೈರಿಂಗ್ ಕಳಚಬೇಕಾಗುತ್ತದೆ. ಪಕ್ಕದಿಂದ ಇನ್ನೊಂದು ಗಾಡಿ ಗುದ್ದಿದರೆ ಪೈಪು ಆ ಬಾಗಿಲಿನಷ್ಟು ತಡೆಯುವುದಿಲ್ಲ. ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಲಾರಿಗಳ ಪಕ್ಕದಲ್ಲಿ ಹೋಗುವವರು ಇದನ್ನು ಇನ್ನೊಂದು ಸಲ ಓದಿಕೊಳ್ಳಿ.

ಕಾನೂನಿನ ಮಾತೂ ಇದೆ. ಕಂಪನಿ ಮಾಡಿದ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವ ಹಾಗಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಅಪಘಾತವಾದರೆ ವಿಮೆಯವರು ತಕರಾರು ತೆಗೆಯಲು ಇದೊಂದು ಸಾಕು. ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ. ಸ್ವಂತ ಜಮೀನಿನೊಳಗೆ ಮಾತ್ರ ಓಡುವ ಜೀಪಾದರೆ ಇಷ್ಟು ತಲೆನೋವಿಲ್ಲ.

ಪೈಪು ಆರಿಸುವುದು

ಇಲ್ಲೇ ಜಾಸ್ತಿ ಜನ ಎಡವುವುದು. ಅಂಗಡಿಯಲ್ಲಿ ‘ಒಂದು ಇಂಚಿನ ಪೈಪ್’ ಕೇಳಿದರೆ ಹೊರಗಿನ ಅಳತೆ 33.7 ಮಿ.ಮೀ. ಇರುವುದು ಸಿಗುತ್ತದೆ. ಇಂಚು ಅಂದರೆ 25 ಅಲ್ವಾ ಅಂತ ಗಾಬರಿ ಬೇಡ. ನೀರಿನ ಪೈಪಿನ ಲೆಕ್ಕದಲ್ಲಿ ಇಂಚು ಅನ್ನುವುದು ಒಳಗಿನ ತೂತಿಗೆ. ದಪ್ಪದಲ್ಲಿ ಮೂರು ಬಗೆ, ಗುರುತಿಗೆ ಬಣ್ಣದ ಪಟ್ಟಿ: ಲೈಟ್‌ಗೆ ಹಳದಿ, ಮೀಡಿಯಂಗೆ ನೀಲಿ, ಹೆವಿಗೆ ಕೆಂಪು. ಬಾಗಿಲಿಗೆ ಹಳದಿ ಸಾಕು. ಅದರ ದಪ್ಪ 2.6 ಮಿ.ಮೀ., ತೂಕ ಮೀಟರಿಗೆ ಸುಮಾರು 2 ಕೆ.ಜಿ. ಒಂದು ಬಾಗಿಲಿಗೆ ಅಡ್ಡಪಟ್ಟಿ ಸೇರಿ 4 ಮೀಟರ್ ಹಿಡಿದರೆ 8 ಕೆ.ಜಿ. ಆಯಿತು. 6 ಮೀಟರಿನ ಎರಡು ಲೆಂತ್ ತಂದರೆ ಎರಡೂ ಬಾಗಿಲಿಗೆ ಆಗಿ ಸ್ವಲ್ಪ ಮಿಗುತ್ತದೆ. ಕೆಲಸದವರು ಗೇಟಿನ ಹಾಗೆ ಕೆ.ಜಿ. ಲೆಕ್ಕದಲ್ಲಿ ಕೂಲಿ ಹೇಳಿದರೆ ಒಪ್ಪಬೇಡಿ. ಆಮೇಲೆ ‘ಹೆವಿನೇ ಹಾಕೋಣ ಸಾರ್, ಗಟ್ಟಿ’ ಅನ್ನುವ ಸಲಹೆ ಬರುತ್ತದೆ!

ಕುರ್ಚಿ ಮಾಡುವ ತೆಳು ಪೈಪು ಬೇಡ, ಬಾಗಿಸುವಾಗ ಸುಕ್ಕು ಬೀಳುತ್ತದೆ. ಜಿಐ ಪೈಪೂ ಬೇಡ. ಅದರ ಮೇಲಿನ ಸತುವು ವೆಲ್ಡಿಂಗ್ ಬಿಸಿಗೆ ಹೊಗೆಯಾಗಿ ಎದ್ದು ವೆಲ್ಡರ್‌ಗೆ ಚಳಿಜ್ವರ ಬರಿಸುತ್ತದೆ. ಕಪ್ಪು ಪೈಪು ತನ್ನಿ.

ಅಳತೆ, ಬಾಗಿಸುವಿಕೆ

ಟೇಪು ಹಿಡಿದು ಅಳೆದರೆ ಸಾಲದು, ಹಳೇ ಜೀಪಿನ ಎಡ-ಬಲ ಒಂದೇ ಇರುವುದಿಲ್ಲ. ಫ್ರಿಜ್ ಬಂದ ರಟ್ಟಿನ ಡಬ್ಬ ಕತ್ತರಿಸಿ ಬಾಗಿಲಿನ ಜಾಗಕ್ಕೆ ಹಿಡಿದು ಅಚ್ಚು ತೆಗೆಯಿರಿ. ಎರಡು ಕಡೆಗೂ ಬೇರೆ ಬೇರೆ. ಸುತ್ತಲೂ ಒಂದು ಬೆರಳಿನಷ್ಟು ಸಂದು ಬಿಡಿ. ಸೀಟಿನಲ್ಲಿ ಕೂತು ಮೊಣಕೈ ಎಲ್ಲಿ ಬರುತ್ತದೋ ಅಲ್ಲಿಗೆ ಮೇಲಿನ ಪೈಪು ಬರಲಿ. ಇದನ್ನು ನೋಡದೆ ಮಾಡಿಸಿದವರು ದಿನಾ ಪಕ್ಕೆಗೆ ತಿವಿಸಿಕೊಳ್ಳುತ್ತಾರೆ.

ಬಾಗಿಸಲು ಪಾಲಿಹೌಸ್ (ಪೈಪಿನ ಕಮಾನಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿದ ಬೆಳೆ ಮನೆ) ಕಟ್ಟುವವರನ್ನು ಹಿಡಿಯಿರಿ. ನಮ್ಮ ಜಿಲ್ಲೆಯಲ್ಲಿ ಅವರಿಗೆ ಬರವಿಲ್ಲ, ಕಮಾನು ಬಾಗಿಸಿ ಕೈ ಪಳಗಿರುತ್ತದೆ. ಆದರೆ ಕಮಾನಿನ ಬಾಗು ಅಗಲ, ಬಾಗಿಲ ಮೂಲೆಯದು ಗಿಡ್ಡ. ಹಾಗಾಗಿ ಅವರ ಬೆಂಡರ್‌ಗೆ ಒಂದು ಇಂಚಿನ ಪೈಪು ಕೂರುವ ಡೈ (ಬಾಗಿಸುವ ಅಚ್ಚು) ಇದೆಯಾ ಅಂತ ಮೊದಲೇ ಕೇಳಿ. ಇಲ್ಲದಿದ್ದರೆ ಮರಳು ತುಂಬಿಸಿ ಕಾಯಿಸಿ ಬಾಗಿಸುವ ಹಳೇ ದಾರಿ ಇದೆ. ಮರಳು ಪೂರ್ತಿ ಒಣಗಿರಲೇಬೇಕು. ಹಸಿ ಮರಳು ಹಾಕಿ ಎರಡೂ ತುದಿ ಮುಚ್ಚಿ ಕಾಯಿಸಿದರೆ ಒಳಗೆ ಆವಿ ಕಟ್ಟಿ ಸಿಡಿಯುತ್ತದೆ.

ಹಿಂಜು, ಚಿಲಕ, ಪಟ್ಟಿ

ಹಿಂಜಿಗೆ ಗೇಟಿನ ಬುಲೆಟ್ ಹಿಂಜು ಸಾಕು, ಎತ್ತಿದರೆ ಬಾಗಿಲು ಕೈಗೆ ಬರುತ್ತದೆ. ಮೇಲಿನದು ಕೆಳಗಿನದು ಒಂದೇ ನೇರಕ್ಕೆ ನಿಲ್ಲಬೇಕು. ಬಾಡಿಯ ತೆಳು ತಗಡಿಗೆ ಸುಮ್ನೆ ವೆಲ್ಡ್ ಮಾಡಿಸಬೇಡಿ, ಒಳಗಡೆ ಒಂದು ದಪ್ಪ ಪಟ್ಟಿ ಕೊಟ್ಟು ಬೋಲ್ಟ್ ಹಾಕಿಸಿ. ಗಾಡಿಯ ಮೇಲೆ ವೆಲ್ಡಿಂಗ್ ಮಾಡಲೇಬೇಕಾದರೆ ಬ್ಯಾಟರಿ ವೈರು ಕಳಚಿ.

ಚಿಲಕದ ವಿಷಯದಲ್ಲಿ ನಾನು ಪೆಟ್ಟು ತಿಂದವನು. ಮೊದಲ ಜೋಡಿಗೆ ಬಚ್ಚಲು ಬಾಗಿಲಿನ ಚಿಲಕ ಹಾಕಿಸಿದ್ದೆ. ಕೆರೆಯಂಗಳದ ಬಂಡಿ ಜಾಡಿನಲ್ಲಿ ಒಂದು ಚಕ್ರ ಮೇಲೆದ್ದಾಗ ಜೀಪಿನ ಮೈ ತಿರುಚಿತು, ಚಿಲಕ ಜಾರಿತು, ಬಾಗಿಲು ಮುಂದಕ್ಕೆ ಹಾರಿ ಮಡ್‌ಗಾರ್ಡಿಗೆ ಬಡಿಯಿತು. ಬಾಮೈದ ಬೆಲ್ಟ್ ಹಾಕಿದ್ದರಿಂದ ಸೀಟಿನಲ್ಲೇ ಉಳಿದ. ಮಡ್‌ಗಾರ್ಡಿನ ತಗ್ಗು ಈಗಲೂ ಹಾಗೇ ಇದೆ. ಆದ್ದರಿಂದ ತಾನಾಗಿ ಕಚ್ಚಿಕೊಳ್ಳುವ ಗಾಡಿಯ ಲಾಕೇ ಹಾಕಿಸಿ. ಬಾಗಿಲು ಅರ್ಧಕ್ಕೆ ನಿಲ್ಲುವಂತೆ ಹಳೇ ಸೀಟ್ ಬೆಲ್ಟಿನ ತುಂಡನ್ನು ಒಳಗಿನಿಂದ ಕಟ್ಟಿ. ಹಿಂಜಿನ ಪಿನ್ನಿಗೆ ತೂತು ಕೊರೆದು ಕ್ಲಿಪ್ ಹಾಕಿ, ಕುಲುಕಾಟಕ್ಕೆ ಬಾಗಿಲು ಮೇಲೆದ್ದು ಕಳಚಬಾರದು.

ಬಣ್ಣಕ್ಕೆ ಮೊದಲು ಪರೀಕ್ಷೆ ಮಾಡಿ. ಒಂದು ಮುಂಚಕ್ರವನ್ನು ಮಣ್ಣಿನ ದಿಬ್ಬದ ಮೇಲೆ ಹತ್ತಿಸಿ ನಿಲ್ಲಿಸಿ, ಎರಡೂ ಬಾಗಿಲು ತೆಗೆದು ಹಾಕಿ ನೋಡಿ. ಸಿಕ್ಕಿಕೊಂಡರೆ ಸಂದು ಸಾಲದು, ಸಡಿಲವಾದರೆ ಲಾಕ್ ಸರಿಸಬೇಕು. ಆಮೇಲೆ ರೆಡ್ ಆಕ್ಸೈಡ್, ಅದರ ಮೇಲೆ ಬಣ್ಣ.

ಎಷ್ಟೇ ಚೆನ್ನಾಗಿ ಮಾಡಿಸಿದರೂ ಮಗುಚಿದಾಗ ಕಾಪಾಡುವುದು ರೋಲ್ ಕೇಜ್ (ಕೂತವರ ಸುತ್ತ ಕಟ್ಟುವ ಗಟ್ಟಿ ಪೈಪಿನ ಪಂಜರ) ಮತ್ತು ಬೆಲ್ಟ್. ಬಾಗಿಲಲ್ಲ. ಗಾಡಿ ವಾಲಿದಾಗ ಕೈ ತಾನಾಗಿ ಹೊರಗೆ ಹೋಗುತ್ತದೆ, ಪೈಪಿನ ಸಂದಿಯಲ್ಲೂ ಹೋಗುತ್ತದೆ. ಅದಕ್ಕೇ ಸಂದಿಗೆ ಬಲೆ ಕಟ್ಟಿಸುವುದು ಒಳ್ಳೆಯದು. ಬಲೆಯಿದ್ದರೆ ಬಳ್ಳಾರಿ ಜಾಲಿಯ ಕೊಂಬೆ ತೊಡೆಗೆ ಬಾರಿಸುವುದೂ ಕಡಿಮೆ. ಧೂಳಿಗೆ ಮಾತ್ರ ಮದ್ದಿಲ್ಲ, ಬೇಸಿಗೆಯಲ್ಲಿ ಮಂಚೇನಹಳ್ಳಿ ಕಡೆ ಹೋಗಿ ಬಂದರೆ ಹುಬ್ಬೂ ಕೆಂಪಾಗಿರುತ್ತದೆ. ಮಳೆ ಜೋರಾಗುವ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ನಾನು ಪೈಪ್ ಬಾಗಿಲು ಎತ್ತಿ ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿ, ಪಿನ್ನಿಗೆ ಗ್ರೀಸ್ ಹಚ್ಚಿ, ಹಳೇ ಕ್ಯಾನ್ವಾಸ್ ಬಾಗಿಲೇ ಕಟ್ಟಿಕೊಳ್ಳುತ್ತೇನೆ.